ಮೆಲ್ಲಣ್ಣನ ಹೆಜ್ಜೆ
ನಮ್ಮ ಬೊಂಬೆ ಸಿನಿಮಾ ಸ್ಟುಡಿಯೋಗೆ ಮೆಲ್ಲಣ್ಣ ಬಂದದ್ದು ಯಾರಿಗೂ ಗೊತ್ತಾಗುವುದಿಲ್ಲ. ತಿರುಗಿ ನೋಡಿದರೆ ಬೆನ್ನ ಹಿಂದೆ ನಿಂತಿರುತ್ತಾರೆ. ಹೆತ್ತವರು ಇಟ್ಟ ಹೆಸರು ಈಗ ಯಾರಿಗೂ ನೆನಪಿಲ್ಲ. ಮಲಗಿದ ಮಗುವಿಗೆ ಹೊದಿಸುವಂತೆ ಬಾಗಿಲು ಮುಚ್ಚುತ್ತಾರೆ, ಸೀನು ಬಂದರೆ ಮೂಗು ಹಿಡಿದುಕೊಂಡು ಬೀದಿಗೇ ಹೋಗುತ್ತಾರೆ. "ಬೆಕ್ಕು ಬಂದ್ರೂ ಗೊತ್ತಾಗುತ್ತೆ, ಇವರು ಬಂದಿದ್ದು ಗೊತ್ತಾಗಲ್ಲ. ನಾನು ಹಾಲು ಉಕ್ಕಿಸಿದ್ದನ್ನ ಆಗಲೇ ನೋಡ್ಬಿಟ್ಟಿರ್ತಾರೆ" ಎಂದು ಅವರ ಹೆಂಡತಿಯ ದೂರು. ಇದೆಲ್ಲ ಜೇಡಿಮಣ್ಣಿನ ಬೊಂಬೆಗಳು ಕಲಿಸಿದ್ದು. ಕಂಪ್ಯೂಟರ್ ಬರುವ ಮುಂಚೆ ಬೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಫೋಟೊ, ಮತ್ತಷ್ಟು ಸರಿಸಿ ಇನ್ನೊಂದು ತೆಗೆಯಬೇಕಿತ್ತು. ಅದು ಕುರ್ಚಿಯಿಂದ ಎದ್ದು ನಿಲ್ಲುವಷ್ಟರಲ್ಲಿ ಸಂಜೆಯಾಗುತ್ತಿತ್ತು. ನಡುವೆ ಯಾರ ಮೈಯಾದರೂ ಟೇಬಲ್ಲಿಗೆ ತಾಗಿದರೆ ದಿನದ ದುಡಿಮೆಯೆಲ್ಲ ನೀರಲ್ಲಿ ಹೋಮ. ಈಗ ಸಿನಿಮಾ ಪೂರ್ತಿ ಕಂಪ್ಯೂಟರಿನಲ್ಲೇ ಆಗುತ್ತದೆ. ನೆಲ ಅದುರಿದರೂ ಅದರೊಳಗಿನ ಬೊಂಬೆ ಬೀಳುವುದಿಲ್ಲ. ಹೊಸಬರು ಧಡಧಡ ಓಡಾಡುತ್ತಾರೆ, ಕುರ್ಚಿ ಎಳೆದಾಡುತ್ತಾರೆ. ಮೆಲ್ಲಣ್ಣ ಮಾತ್ರ ಹಾಗೇ ನಡೆಯುತ್ತಾರೆ. ಹುಟ್ಟುಗುಣವಷ್ಟೇ ಅಲ್ಲ, ಕಲಿತ ಗುಣವೂ ಸುಟ್ಟರೆ ಹೋಗದು ಎಂದು ನಾವು ನಗುತ್ತಿದ್ದೆವು. ಮೊನ್ನೆ ಯಜಮಾನರು ಸ್ಟುಡಿಯೋದ ಹಿಂದಿನ ಕೋಣೆ ಖಾಲಿ ಮಾಡಿಸಲು ಬಂದಾಗ ಮೆಲ್ಲಣ್ಣನ ಜೊತೆ ನಾನೂ ಇದ್ದೆ. ಕಂಪ್ಯೂಟರ್ ಬಂದು ಅರ್ಧಕ್ಕೆ ನಿಂತುಹೋದ ಚಿತ್ರದ ಅಜ್ಜಿಬೊಂಬೆ ಟೇಬಲ್ಲಿನ ಮೇಲೆ ಹಾಗೇ ಇತ್ತು, ಪುಟ್ಟ ಬಾಗಿಲಿನ ಕಡೆಗೆ ಒಂದು ಕಾಲು ಎತ್ತಿಕೊಂಡು. "ಇದನ್ನ ತೆಗೆಸ್ಲಾ?" ಎಂದರು ಯಜಮಾನರು. "ತೆಗೆಸಿ ಸಾರ್" ಎಂದರು ಮೆಲ್ಲಣ್ಣ, ಎಂದಿಗಿಂತ ಮೆಲ್ಲಗೆ. "ಆದ್ರೆ ಸ್ವಲ್ಪ ನಿಧಾನ. ಅಜ್ಜಿ ಇನ್ನೂ ಕಾಲು ಊರಿಲ್ಲ."