ಬಿರುಕಿನ ಮೇಲೆ ಇಳಿಬಿಟ್ಟ ಸೀರೆ

ಸುಣ್ಣದ ಕಲ್ಲಿನ ಮೇಲೆ ನೀರು ಬಿದ್ದ ಕೂಡಲೇ ಏಳುವ ಆ ಬಿಸಿ ವಾಸನೆ ಈಗ ಅಪರೂಪ. ಎಲ್ಲರೂ ಡಬ್ಬಿಯ ಪೇಂಟು ತರುತ್ತಾರೆ. ಕಳೆದ ವಾರ ನಮ್ಮ ಅಂಗನವಾಡಿಯ ಪಕ್ಕದ ಶಾಲೆಯ ಅಂಗಳದಲ್ಲಿ ಸಂಘದ ಹೆಂಗಸರು ಹಳೆಯ ಡ್ರಮ್ಮೊಂದರಲ್ಲಿ ಸುಣ್ಣ ನೆನೆಹಾಕಿದ್ದರು. ನಾನು ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಿದ್ದೆ. ವಾಸನೆ ಕಿಟಕಿಯಿಂದ ಒಳಗೆ ಬಂತು, ಸೌಟು ಕೈಯಲ್ಲೇ ನಿಂತಿತು, ಗಂಟಲು ಉರಿಯಿತು. ಸುಣ್ಣದ ಘಾಟಿಗೆ ಇರಬೇಕು ಎಂದು ನಮ್ಮ ಆಯಾ ನೀರು ತಂದುಕೊಟ್ಟಳು. ಘಾಟಿಗಲ್ಲ. ನನಗೆ ಹೆಡ್ ಮೇಷ್ಟ್ರು ನೆನಪಾಗಿದ್ದರು…

ನನ್ನ ತವರು ಮೊಳಕಾಲ್ಮೂರಿನ ಕಡೆಯ ಒಂದು ಹಳ್ಳಿ. ಆಂಧ್ರದ ಗಡಿ ಅಲ್ಲಿಂದ ಕೂಗಳತೆ. ಮನೆಮನೆಯಲ್ಲೂ ರೇಷ್ಮೆ ಸೀರೆಯ ಮಗ್ಗ. ನಮ್ಮಜ್ಜಿಯಂಥವರು ಬೈಯುವುದು ಕನ್ನಡದಲ್ಲಿ, ಮುದ್ದು ಮಾಡುವುದು ತೆಲುಗಿನಲ್ಲಿ. ಮೇಷ್ಟ್ರು ಚಳ್ಳಕೆರೆಯವರು. ನಮ್ಮ ಬೀದಿಯಲ್ಲೇ ಒಂದು ಕೋಣೆ ಹಿಡಿದು ವಾರವೆಲ್ಲ ಇದ್ದು, ಶನಿವಾರ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗುತ್ತಿದ್ದರು.

ಅವರಿಂದಾದ ಒಳ್ಳೆಯದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ಮನಸ್ಸು ಬರುವುದಿಲ್ಲ. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಲು ಕೂರಿಸಿದ ಹೆಣ್ಣುಮಕ್ಕಳ ಮನೆಗೆ ಬೆಳಿಗ್ಗೆಯೇ ಬಂದು, ಹೊಸ್ತಿಲಲ್ಲಿ ನಿಂತು, ಕಳಿಸುವವರೆಗೂ ಕದಲದ ಮನುಷ್ಯ ಅವರು. ನನ್ನನ್ನೂ ಹಾಗೆಯೇ ಎಬ್ಬಿಸಿಕೊಂಡು ಹೋದರು. ನನ್ನ ಅಕ್ಷರ ಕೋಳಿ ಕೆದರಿದ ಹಾಗಿತ್ತು. ಬೆನ್ನ ಹಿಂದೆ ಬಗ್ಗಿ, ನನ್ನ ಕೈ ಹಿಡಿದು, ‘ಳ’ದ ಸುತ್ತು ತಿದ್ದಿಸುತ್ತಿದ್ದರು. ಅವರ ಅಂಗಿಯಿಂದ ಬರುತ್ತಿದ್ದ ಸೀಮೆಸುಣ್ಣದ ಪುಡಿಯ ವಾಸನೆ ಇನ್ನೂ ಹತ್ತಿರದಲ್ಲೇ ಇದೆ. ಅಪ್ಪನಿಗಿಂತ ಹೆಚ್ಚು ನಂಬಿದ್ದು ಅವರನ್ನೇ.

ಊರಲ್ಲಿ ಇದ್ದದ್ದು ಏಳನೇ ಕ್ಲಾಸಿನವರೆಗೆ ಮಾತ್ರ. ಮುಂದೆ ಓದಬೇಕಾದರೆ ಮೊಳಕಾಲ್ಮೂರಿಗೆ ಹೋಗಬೇಕು. ಶಾಲೆಯ ಹೊತ್ತಿಗೆ ಬಸ್ಸಿಲ್ಲ. ಗಂಡುಹುಡುಗರು ಸೈಕಲ್ ತುಳಿಯುತ್ತಿದ್ದರು. ಏಳನೇ ಕ್ಲಾಸು ಮುಗಿಸಿದ ಹುಡುಗಿ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟಳೆಂದರೆ ಮೇಲೆ ಬರುತ್ತಿದ್ದದ್ದು ಮದುವೆಯ ದಿನವೇ. ನಾನು ಏಳನೇ ಕ್ಲಾಸಿಗೆ ಬಂದ ವರ್ಷ ಮೇಷ್ಟ್ರು ಬೇವಿನ ಮರದ ಕಟ್ಟೆಗೆ ಊರವರನ್ನೆಲ್ಲ ಕರೆದರು. ನಾನು ಅವ್ವನ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದೆ.

“ನಮ್ಮದು ಹಿಂದುಳಿದ ತಾಲ್ಲೂಕು ಅಂತ ಸರ್ಕಾರ ಬರ್ಕೊಂಡಿದೆ. ಈಗ ಅದೇ ನಮಗೆ ಲಾಭ,” ಎಂದರು. “ಇಂಥ ತಾಲ್ಲೂಕಿಗೆ ಶಾಲೆ ದುಡ್ಡು ಮೊದಲು ಬಿಡ್ತಾರಂತೆ. ಸಾಹೇಬ್ರು ಬಂದು ನೋಡ್ತಾರೆ. ಎರಡು ಕೋಣೆ ಸಿಕ್ಕರೆ ಎಂಟನೇ ಕ್ಲಾಸು ಇಲ್ಲೇ ನಡೆಸಬಹುದು.”

“ಹಂಗಾರೆ ಇನ್ನೊಂದಿಷ್ಟು ಹಿಂದಕ್ಕೆ ಸರಿಯಾನೇನು ಸಾರ್?” ಎಂದು ಹಿಂದಿನಿಂದ ಯಾರೋ ಕೂಗಿದರು. ಕಟ್ಟೆಯೆಲ್ಲ ನಕ್ಕಿತು. ಮೇಷ್ಟ್ರೂ ನಕ್ಕರು. ಆವತ್ತು ಕಟ್ಟೆಯ ಮೇಲೆ ನಿಜ ನುಡಿದವನು ಅವನೊಬ್ಬನೇ ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು.

ನಗು ನಿಂತ ಮೇಲೆ ಅಪ್ಪ ಎದ್ದು ಕೇಳಿದ. “ನಮ್ ಹುಡುಗಿನೂ ಎಂಟ್ನೇ ಕ್ಲಾಸು ಓದ್ಬೋದಾ ಸಾರ್?”

“ಅವಳಿಗೋಸ್ಕರನೇ ಅಲ್ವೇನ್ರೀ ಇದೆಲ್ಲ,” ಎಂದರು ಮೇಷ್ಟ್ರು.

ಆ ಮಾತನ್ನು ನಾನು ಎಷ್ಟು ದಿನ ಬಾಯಲ್ಲಿಟ್ಟುಕೊಂಡು ಓಡಾಡಿದೆನೋ. ಎಂಟನೇ ಕ್ಲಾಸಿನಲ್ಲಿ ಎಲ್ಲಿ ಕೂರಬೇಕು, ಯಾರ ಪಕ್ಕ ಕೂರಬೇಕು ಎಂದೆಲ್ಲ ಗೆಳತಿಯರ ಜೊತೆ ಜಗಳವೂ ಆಗಿಹೋಯಿತು. ಇನ್ನೂ ಕಟ್ಟದ ಕೋಣೆಯ ಕಿಟಕಿ ಪಕ್ಕದ ಜಾಗಕ್ಕೆ…

ಆಮೇಲೆ ಊರಿಗೆ ಊರೇ ಶಾಲೆಗೆ ಇಳಿಯಿತು. ಹಾಗೆ ಮಾಡಿ ಎಂದು ಯಾರೂ ವಿವರಿಸಿ ಹೇಳಬೇಕಿರಲಿಲ್ಲ. ಬರುವವರು ಅತಿಥಿಗಳು. “ಇಂಟಿಕಿ ಸುಟ್ಟಾಲು ವಸ್ತೇ ಊಡ್ಸಕುಂಡಾ ಉಂಟಾರಾ?” ಎಂದಳು ಅಜ್ಜಿ. ಮನೆಗೆ ನೆಂಟರು ಬರುವಾಗ ಕಸ ಗುಡಿಸದೆ ಇರುತ್ತಾರೇನು ಎಂದು. ಗಂಡಸರು ಕತ್ತಾಳೆ ನಾರಿನ ಕುಂಚ ಕಟ್ಟಿಕೊಂಡು, ಸುಣ್ಣಕ್ಕೆ ಚೂರು ನೀಲಿ ಬೆರೆಸಿ, ಒಳಗೂ ಹೊರಗೂ ಬಳಿದರು. ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆದರು. ಸಮುದಾಯ ಭವನದಿಂದ ಬೆಂಚು ಹೊತ್ತು ತಂದರು. ಪಾಯಿಖಾನೆಗೆ ಬಾಗಿಲೇ ಇರಲಿಲ್ಲ. ಒಬ್ಬರು ತಮ್ಮ ದನದ ಕೊಟ್ಟಿಗೆಯ ಬಾಗಿಲು ಕಿತ್ತು ತಂದು ನಿಲ್ಲಿಸಿದರು. ಆ ವಾರವೆಲ್ಲ ಅವರ ಎಮ್ಮೆ ಬೀದಿಯಲ್ಲೇ ತಿರುಗಿತು. ಮೇಷ್ಟ್ರು ಪ್ಯಾಂಟು ಮಡಚಿಕೊಂಡು ನಮ್ಮ ನಡುವೆಯೇ ಇದ್ದರು. ಅಲ್ಲಿ ಬಳೀರಿ, ಇಲ್ಲಿ ಬಿಟ್ಟಿದೆ ನೋಡಿ ಎಂದು ತೋರಿಸುತ್ತಿದ್ದರು.

ಕೊನೆಯ ಕೋಣೆಯದೇ ಕಷ್ಟ. ಅದರ ಗೋಡೆ ಸೂರಿನಿಂದ ನೆಲದವರೆಗೆ ಬಿರುಕು ಬಿಟ್ಟಿತ್ತು. ನಾವು ಅದರೊಳಗೆ ಪೆನ್ಸಿಲ್ ತೂರಿಸಿ ಆಡುತ್ತಿದ್ದೆವು. ಮಳೆ ಬಂದರೆ ಅಲ್ಲಿಂದ ನೀರು ಇಳಿಯುತ್ತಿತ್ತು, ಪುಸ್ತಕ ಎದೆಗವಚಿಕೊಂಡು ಹೊರಗಿನ ಜಗಲಿಗೆ ಓಡುತ್ತಿದ್ದೆವು. ಸುಣ್ಣ ಎಷ್ಟು ಬಳಿದರೂ ಒಣಗಿದ ಮೇಲೆ ಬಿರುಕು ಮತ್ತೆ ಮುಖ ತೋರಿಸುತ್ತಿತ್ತು. ಸಾಹೇಬರು ಬರುವ ಹಿಂದಿನ ಸಂಜೆ ಮೇಷ್ಟ್ರು ನಮ್ಮ ಮನೆಗೆ ಬಂದರು. ಅಪ್ಪ ಅದೇ ತಾನೇ ಒಂದು ಮದುವೆ ಸೀರೆ ಮುಗಿಸಿ ಮಗ್ಗದಿಂದ ಇಳಿಸಿದ್ದ. ಅರಿಶಿನದ ಮೈ, ಕುಂಕುಮದ ಅಂಚು, ಸೆರಗಿನ ತುಂಬ ನವಿಲು.

“ಒಂದು ದಿನದ ಮಟ್ಟಿಗೆ ಕೊಡಿ. ಆ ಗೋಡೆ ಮೇಲೆ ಇಳಿಬಿಡೋಣ. ಊರಿನ ಕಸುಬು ತೋರಿಸಿದ ಹಾಗೂ ಆಯ್ತು,” ಎಂದರು.

ಸೀರೆ ನೂಲು ಕೊಟ್ಟು ನೇಯಿಸುವ ಸಾವ್ಕಾರರದು. ಸುಣ್ಣದ ಕಲೆ ತಾಗಿದರೆ ಅಪ್ಪನ ಗತಿ ಅಷ್ಟೇ. ಅವ್ವ ಕಣ್ಣಲ್ಲೇ ಬೇಡ ಎಂದಳು. ಅಪ್ಪ ನನ್ನ ಮುಖ ನೋಡಿದ, ಸೀರೆ ಮಡಚಿ ಕೊಟ್ಟ. ಮಾರನೇ ದಿನ ಮಕ್ಕಳು ಮುಟ್ಟದಿರಲಿ ಎಂದು ಆ ಗೋಡೆಯ ಪಕ್ಕ ಕೈ ಕಟ್ಟಿಕೊಂಡು ತಾನೇ ನಿಂತ. ಬಿರುಕಿಗೆ ಕಾವಲು ನಿಂತ ಹಾಗೆ.

ಸಾಹೇಬರು ಜೀಪಿನಲ್ಲಿ ಬಂದರು. ಆರತಿ ಆಯಿತು, ಎಳನೀರು ಆಯಿತು. ಎಲ್ಲ ಕೋಣೆ ನೋಡಿದರು. ಕೊನೆಯ ಕೋಣೆಗೆ ಬಂದವರು ಗೋಡೆ ನೋಡಲಿಲ್ಲ, ಸೀರೆ ನೋಡಿದರು. ಸೆರಗು ಸವರಿ, ಎಷ್ಟು ದಿನದ ನೇಯ್ಗೆ ಎಂದು ಕೇಳಿದರು. ಅಪ್ಪನ ಮುಖ ಅರಳಿತು. ಜೀಪಿನಲ್ಲಿ ಬಂದವರಲ್ಲೊಬ್ಬರು ಕಿರಿಯರಿದ್ದರು. ಅವರೊಬ್ಬರೇ ಸೀರೆ ಬಿಟ್ಟು ನಮ್ಮ ಕಡೆ ತಿರುಗಿ, ಮುಂದಿನ ಬೆಂಚಿನಲ್ಲಿದ್ದ ನನ್ನನ್ನು ಎಬ್ಬಿಸಿ ಕೇಳಿದರು.

“ಮಳೆ ಬಂದ್ರೆ ಎಲ್ಲಿ ಕೂರ್ತೀರಮ್ಮ?”

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮೇಷ್ಟ್ರು, “ಇಲ್ಲೇ ಸರ್, ಏನೂ ತೊಂದರೆ ಇಲ್ಲ,” ಎಂದುಬಿಟ್ಟರು. ನಾನು ಅವರ ಕಡೆ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ. ಕುಳಿತುಕೋ ಎಂದು ಕೈಯಲ್ಲಿ ಸನ್ನೆ ಮಾಡಿದರು, ಕುಳಿತೆ.

ಕೋಣೆಗಳು ಬಂದವು, ಪಕ್ಕದ ಊರಿಗೆ. ಆ ಊರಿನವರು ಶಾಲೆಯ ಕಸ ಕೂಡ ಗುಡಿಸಿರಲಿಲ್ಲವಂತೆ. ಕುಸಿದ ಜಗಲಿ ಕುಸಿದ ಹಾಗೇ ಇತ್ತಂತೆ, ಸಾಹೇಬರು ಆಡಿನ ಹಿಕ್ಕೆ ತುಳಿದುಕೊಂಡೇ ಒಳಗೆ ಹೋದರಂತೆ. ನಮ್ಮೂರಿಗೆ ತಲೆಬುಡ ತಿಳಿಯಲಿಲ್ಲ. ಅವರು ಯಾರನ್ನೋ ಹಿಡಿದು ಮಾಡಿಸಿಕೊಂಡರು ಎಂದು ತೀರ್ಮಾನವಾಯಿತು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಎರಡು ಊರಿಗೂ ಮಾತು ನಿಂತಿತು, ಆ ಊರಿನ ಮದುವೆಗಳಿಗೆ ನಮ್ಮವರು ಹೋಗುವುದು ಬಿಟ್ಟರು. ಮೇಷ್ಟ್ರು ಕಟ್ಟೆಯ ಮೇಲೆ ಕೂತು, “ನಮ್ಮ ಕೈಲಾದ್ದು ನಾವು ಮಾಡಿದ್ವಿ. ಮೇಲಿನವರ ಲೆಕ್ಕ ಯಾರಿಗೆ ಗೊತ್ತು?” ಎಂದರು. ಅವರು ಸೊರಗಿದ್ದು ನೋಡಲಾಗದೆ ಅವ್ವ ಮಜ್ಜಿಗೆ ಕೊಟ್ಟು, “ಬೇಜಾರ್ ಮಾಡ್ಕಬ್ಯಾಡ್ರಿ ಸಾರ್,” ಎಂದು ಸಮಾಧಾನ ಮಾಡಿದಳು. ಸಮಾಧಾನ ಯಾರು ಯಾರಿಗೆ ಹೇಳಬೇಕಿತ್ತು?

ನಾನು ಮಗ್ಗಕ್ಕೆ ಕೂತೆ. ಮೇಷ್ಟ್ರ ಶಾಲೆಗೆ ಒಳ್ಳೆಯ ಶಾಲೆ ಎಂದು ಬಹುಮಾನ ಬಂತು. ಅದರ ಬೆನ್ನಿಗೇ ಅವರಿಗೆ ಚಳ್ಳಕೆರೆಗೆ ವರ್ಗವಾಯಿತು. ಊರವರು ಶಾಲು ಹೊದಿಸಿ, ಹೋಳಿಗೆ ಊಟ ಹಾಕಿ, ಟೆಂಪೋಗೆ ಸಾಮಾನು ಏರಿಸಿಕೊಟ್ಟರು. ನಾನು ಕಾಲಿಗೆ ಬಿದ್ದಾಗ ತಲೆ ಮೇಲೆ ಕೈಯಿಟ್ಟು, ಓದು ಬಿಡಬೇಡ ಎಂದರು. ನಾನು ಹೂಂ ಎಂದೆ… ಟೆಂಪೋ ತಿರುವು ದಾಟುವವರೆಗೂ ಅಳುತ್ತಾ ನಿಂತಿದ್ದೆ.

ಮದುವೆಯಾಗಿ ನಾಯಕನಹಟ್ಟಿ ರಸ್ತೆಯ ಈ ಊರಿಗೆ ಬಂದೆ. ಒಮ್ಮೆ ತವರಿಗೆ ಹೋಗಿದ್ದಾಗ ಮೇಷ್ಟ್ರು ಬಂದರು. ನಿವೃತ್ತಿಯಾಗಿತ್ತು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅಪ್ಪ ಆಗ ಸ್ವಂತಕ್ಕೇ ನೇಯುತ್ತಿದ್ದ. ತಮ್ಮ ಮಗಳ ಮದುವೆಗೆ ಅಪ್ಪನ ಕೈಯ ಸೀರೆಯೇ ಬೇಕೆಂದು ಹುಡುಕಿಕೊಂಡು ಬಂದಿದ್ದರು. ನನ್ನನ್ನು ನೋಡಿ, “ಎಲ್ಲೀವರೆಗೂ ಓದಿದೆ?” ಎಂದು ಕೇಳಿದರು. ಏಳನೇ ಕ್ಲಾಸು, ಅಷ್ಟೇ ಸಾರ್ ಎಂದೆ. ಅಯ್ಯೋ, ಜಾಣೆ ಹುಡುಗಿ ಎಂದು ತಲೆ ಆಡಿಸಿದರು. ಕಾಫಿ ಕುಡಿಯುತ್ತಾ ಹಳೆಯದೆಲ್ಲ ಬಂತು. ಅಪ್ಪ ಕೇಳಿದ, ಸಿಟ್ಟಿನಿಂದಲ್ಲ, ತಿಳಿಯಲಿ ಎಂದು.

“ಆವತ್ತು ನಮ್ ಶಾಲೆಗೆ ಯಾಕ್ ಬರ್ಲಿಲ್ಲ ಸಾರ್?”

“ಆವಾಗ ದುಡ್ಡು ಬಿಡ್ತಿದ್ದಿದ್ದು ತೀರಾ ಕೆಟ್ಟಿರೋ ಶಾಲೆಗೆ ಮೊದಲು ಕಣ್ರೀ. ನಮ್ದು ಚೆನ್ನಾಗಿದೆ ಅಂತ ಬರ್ಕೊಂಡು ಹೋದ್ರಲ್ಲ.”

“ಅದು ನಿಮಗೆ ಮೊದ್ಲೇ ಗೊತ್ತಿತ್ತಾ?”

“ಗೊತ್ತಿಲ್ದೆ ಏನು, ಮೀಟಿಂಗಲ್ಲೇ ಹೇಳಿದ್ರು. ಆದರೆ ಕೆಟ್ಟ ಶಾಲೆ ತೋರಿಸಿದ್ರೆ ಹೆಡ್ ಮಾಸ್ಟರನ್ನೇ ಹಿಡ್ಕೊಳ್ತಾರೆ. ಇಷ್ಟು ವರ್ಷ ನೀನೇನ್ ಮಾಡ್ತಿದ್ದೆ ಅಂತಾರೆ. ನನ್ನ ವರ್ಗಾವಣೆ ಬೇರೆ ಹತ್ತಿರ ಬಂದಿತ್ತು…”

ಬಸ್ಸು ತಪ್ಪಿದ ಕತೆ ಹೇಳುವಷ್ಟು ಸಲೀಸಾಗಿ ಹೇಳಿದರು. ಕಟ್ಟೆಯ ಮೇಲೆ ಅವರು ಹೇಳಿದ್ದು ಅರ್ಧ ಮಾತು. ಇನ್ನರ್ಧ ನುಂಗಿಕೊಂಡು, ನಮ್ಮ ಕೈಯಲ್ಲೇ ಕುಂಚ ಹಿಡಿಸಿ, ನಮ್ಮ ಎಂಟನೇ ಕ್ಲಾಸಿಗೆ ನಮ್ಮಿಂದಲೇ ಸುಣ್ಣ ಬಳಿಸಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಅದು.

ಅಪ್ಪ ಮೇಷ್ಟ್ರು ಆರಿಸಿದ್ದ ಸೀರೆ ಕೈಗೆತ್ತಿಕೊಂಡ. ಅದನ್ನು ಪೂರ್ತಿ ಬಿಚ್ಚಿ ಹಾಸಿ, ಮಧ್ಯದಲ್ಲಿ ಬೆರಳಿಟ್ಟು, “ಇಲ್ಲೊಂದು ಎಳೆ ಕಡಿದೈತೆ ಸಾರ್. ನೋಡ್ಕಂಡು ತಗಳ್ರಿ,” ಎಂದ. ಚುಚ್ಚಲಿಕ್ಕೆ ಹೇಳಿದ್ದಲ್ಲ. ಯಾರು ಕೊಳ್ಳಲು ಬಂದರೂ ಹಾಗೆ ತೋರಿಸಿಯೇ ಕೊಡುತ್ತಿದ್ದ.

ಮೇಷ್ಟ್ರು ಬಗ್ಗಿ ನೋಡಿ, “ಬಿಡಿ, ನೆರಿಗೆಯೊಳಗೆ ಮುಚ್ಚಿ ಹೋಗ್ತದೆ,” ಎಂದರು.

ನಾನು ಎದ್ದು ಒಳಗೆ ಹೋದೆ. ಅವರು ಹೊರಟಾಗ ಹೊರಗೆ ಬರಲಿಲ್ಲ.

ಆ ಸಿಟ್ಟಿನಲ್ಲೇ ಇರಬೇಕು, ಮಗಳು ಹುಟ್ಟಿದ ಮೇಲೆ ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿ ಪಾಸು ಮಾಡಿದೆ, ಅಂಗನವಾಡಿಗೆ ಸೇರಿದೆ. ಆದರೆ ನನ್ನ ಜೊತೆ ಕಿಟಕಿ ಪಕ್ಕದ ಜಾಗಕ್ಕೆ ಜಗಳವಾಡಿದ ಗೆಳತಿಯರು ಯಾರೂ ಮತ್ತೆ ಪುಸ್ತಕ ಹಿಡಿಯಲಿಲ್ಲ.

ಕಳೆದ ವಾರ ಇಲ್ಲೂ ಅದೇ ಸುದ್ದಿ. ಯಾವ ಶಾಲೆಗೆ ಮೊದಲು ಕೋಣೆ ಕಟ್ಟಬೇಕೆಂದು ನೋಡಲು ಬರುತ್ತಾರೆ ಎಂದು. ನಾನು ಸೌಟು ಹಿಡಿದುಕೊಂಡೇ ಅಂಗಳಕ್ಕೆ ಹೋಗಿ, ಗೋಡೆ ಮುಟ್ಟಬೇಡಿ ಎಂದೆ.

“ಬರೋರ ಮುಂದೆ ಹರಕು ತೋರಿಸ್ತಾರೇನಕ್ಕ? ನಾಚ್ಕೆ ಆಗಲ್ವಾ?” ಎಂದಳು ಸಂಘದವಳೊಬ್ಬಳು.

“ಆಗ್ತೈತೆ. ಆದ್ರೂ ತೋರ್ಸನ,” ಎಂದೆ.

ಈ ಶಾಲೆಯ ಹೆಡ್ ಟೀಚರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನನ್ನು ಪಕ್ಕಕ್ಕೆ ಕರೆದು, “ಟೀಚರ್, ಆಮೇಲೆ ನನ್ನನ್ನೇ ಕೇಳ್ತಾರೆ…” ಎಂದಳು. ಮೇಷ್ಟ್ರಿಗಿದ್ದ ಹೆದರಿಕೆಯೇ ಅವಳ ಮುಖದಲ್ಲಿತ್ತು. ಕೇಳಿದರೆ ನಮ್ಮನ್ನು ಕರೆಯಿರಿ, ನಾವು ಹೇಳುತ್ತೇವೆ ಎಂದೆ. ಅದನ್ನು ಹೇಳುವಾಗಲೇ ನನ್ನ ನೋವು ಎಲ್ಲಿದೆ ಎಂದು ನನಗೆ ಸರಿಯಾಗಿ ತಿಳಿದದ್ದು. ಮೇಷ್ಟ್ರು ಹೆದರಿದ್ದಕ್ಕಲ್ಲ. ಕಟ್ಟೆಯ ಮೇಲೆ ಕೂತು, ನನಗೆ ಭಯವಾಗುತ್ತದೆ ಎಂದು ಒಂದು ಮಾತು ಹೇಳಿದ್ದರೆ ಇಡೀ ಊರು ಅವರ ಬೆನ್ನಿಗೆ ನಿಲ್ಲುತ್ತಿತ್ತು. ಮಕ್ಕಳನ್ನೇ ಅವರ ಕೈಗೆ ಕೊಟ್ಟಿದ್ದವರು ನಾವು. ಅವರು ನಮ್ಮನ್ನು ಅಷ್ಟೂ ನಂಬಲಿಲ್ಲ.

ಮೊನ್ನೆ ಸಾಹೇಬರು ಬಂದರು. ಗೋಡೆ ಇದ್ದ ಹಾಗೇ ಇತ್ತು. ನಾನೂ ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಒಬ್ಬರು ಏಳನೇ ಕ್ಲಾಸಿನ ಹುಡುಗಿಯನ್ನು ಎಬ್ಬಿಸಿ, ಮಳೆ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದರು. ಹುಡುಗಿ ಹೆಡ್ ಟೀಚರ ಮುಖ ನೋಡಿದಳು. ಆಕೆ ನೆಲ ನೋಡುತ್ತಾ ಸುಮ್ಮನೆ ನಿಂತಳು, ಬಾಯಿ ಹಾಕಲಿಲ್ಲ.

“ಸೋರ್ತೈತೆ ಸಾರ್. ಅಂಗನವಾಡಿಗೋಗಿ ಸಣ್ ಮಕ್ಕಳ ಜತೆ ಕೂರ್ತೀವಿ,” ಎಂದಳು ಹುಡುಗಿ.

ಅವರು ಬರೆದುಕೊಂಡರು. ಕೋಣೆ ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ಬರೆದುಕೊಂಡದ್ದೆಲ್ಲ ಬಂದಿದ್ದರೆ ನಮ್ಮ ಸೀಮೆ ಹೀಗಿರುತ್ತಿರಲಿಲ್ಲ. ಆದರೆ ಆ ಉತ್ತರ ನನ್ನ ಬಾಯಲ್ಲಿ ಎಷ್ಟೋ ವರ್ಷದಿಂದ ಉಳಿದಿತ್ತು. ಮೇಷ್ಟ್ರು ಅದನ್ನು ಒಮ್ಮೆ ಕೇಳಿಸಿಕೊಳ್ಳಬೇಕಿತ್ತು. ಅವರು ತೀರಿಕೊಂಡು ವರ್ಷವಾಗುತ್ತಾ ಬಂತು. ಚಳ್ಳಕೆರೆ ಇಲ್ಲಿಂದ ಒಂದೇ ಬಸ್ಸು, ಆದರೂ ಮಣ್ಣಿಗೆ ಹೋಗಲಿಲ್ಲ ನಾನು. ಸುದ್ದಿ ಬಂದ ದಿನ ಅಳುವೂ ಬಂದಿರಲಿಲ್ಲ. ಮೊನ್ನೆ ಆ ಹುಡುಗಿ ಕುಳಿತುಕೊಂಡ ಮೇಲೆ ಅಂಗನವಾಡಿಯ ಬಾಗಿಲ ಹಿಂದೆ ನಿಂತು ಅತ್ತೆ. ಮೇಷ್ಟ್ರಿಗಾಗಿಯೋ, ನನ್ನ ಎಂಟನೇ ಕ್ಲಾಸಿಗಾಗಿಯೋ… ಈಗಲೂ ಗೊತ್ತಾಗುತ್ತಿಲ್ಲ.