ಅತ್ತೆಯ ಫರಸಿ, ನನ್ನ ತುಂಬೆ

ಸುರಪುರದ ರಂಗಂಪೇಟೆಯ ನಮ್ಮ ಓಣಿಯಲ್ಲಿ ಎಲ್ಲರ ಅಂಗಳಕ್ಕೂ ಫರಸಿ ಕಲ್ಲಿನ ಹಾಸು ಬಿದ್ದು ಬಹಳ ದಿನವಾಗಿತ್ತು. ನಮ್ಮದೊಂದೇ ಮಣ್ಣು. ಆ ಮಣ್ಣಿನಲ್ಲಿ ನಾನು ಬೆಳೆಸಿದ್ದು ತುಂಬೆ, ತಂಗಡಿ, ಲೆಕ್ಕಿ. ಅತ್ತೆಯವರ ಬಾಯಲ್ಲಿ ಈ ಮೂರಕ್ಕೂ ಒಂದೇ ಹೆಸರು: ಕಸ.

ಇದೆಲ್ಲ ಶುರುವಾದದ್ದು ಒಂದು ಸೌತೆ ಬಳ್ಳಿಯಿಂದ. ಹಿಂದಿನ ವರ್ಷ ಅದು ಗೋಡೆ ತುಂಬ ಹಬ್ಬಿ, ಹೂ ಬಿಟ್ಟು, ಒಂದು ಕಾಯಿಯನ್ನೂ ಕೊಡದೆ ಒಣಗಿಹೋಯಿತು. ಗೊಬ್ಬರ ಹಾಕಿದೆ, ಎದುರಿಗೆ ನಿಂತು ಬೈದೆ, ಯಾವುದಕ್ಕೂ ಬಗ್ಗಲಿಲ್ಲ. ನಾನು ಕಲಿಸುವ ಶಾಲೆಯ ಹಿರಿಯ ಮಾಸ್ತರರ ಮುಂದೆ ಗೋಳು ಹೇಳಿಕೊಂಡರೆ ಅವರು ನಕ್ಕರು.

"ಜೇನು ಬರದಿದ್ರ ಕಾಯಿ ಹೆಂಗ ಕಟ್ತದ್ರಿ ಟೀಚರ್? ಅವು ಬರಾಕ ನಿಮ್ಮ ಮನ್ಯಾಗ ಏನದ? ಕುಂಡ್ಯಾಗಿನ ಕ್ರೋಟನ್ನ?"

ಮಕ್ಕಳಿಗೆ ಪರಾಗಸ್ಪರ್ಶದ ಪಾಠ ಮಾಡುವವಳು ನಾನೇ. ಆ ದಿನ ತರಗತಿಗೆ ಹೋಗಲು ನಾಚಿಕೆಯಾಯಿತು.

ಈ ವರ್ಷ ಮೊದಲ ಮಳೆ ಬಿದ್ದ ವಾರವೇ ಮತ್ತೆ ಸೌತೆ ಬೀಜ ಊರಿ, ಜೇನು ಬರಲೆಂದು ಶಹಾಪುರದ ಗುಡ್ಡದ ಬುಡದಿಂದ ಒಂದು ಚೀಲ ಕಾಡುಗಿಡದ ಸಸಿ ಕಿತ್ತುಕೊಂಡು ಬಸ್ಸು ಹತ್ತಿದೆ. ಕಂಡಕ್ಟರ್ ಚೀಲದೊಳಗೆ ಇಣುಕಿ ನೋಡಿ, "ಅಕ್ಕೋರ, ಇವು ಹಾದಿ ತುಂಬ ಬೆಳೀತಾವಲ್ರಿ. ಬಸ್ಸಿನ್ಯಾಗ ಕೂಡ್ಸಿ ಯಾಕ ಕರ್ಕೊಂಡು ಹೊಂಟೀರಿ?" ಎಂದ. ಇಡೀ ಬಸ್ಸು ನಕ್ಕಿತು. ಸುರಪುರ ಬರುವವರೆಗೆ ನಾನು ಕಿಟಕಿಯ ಹೊರಗೇ ನೋಡುತ್ತ ಕೂತೆ.

ಆಷಾಢ ಮುಗಿಯುವ ಹೊತ್ತಿಗೆ ತುಂಬೆ ಮೊಣಕಾಲೆತ್ತರ ಬೆಳೆದು ಬಿಳಿ ಹೂ ಬಿಟ್ಟಿತು. ತಂಗಡಿ, ಲೆಕ್ಕಿ ಇನ್ನೂ ಎಳೆಯವು. ಸಣ್ಣ ಸಣ್ಣ ಕಡ್ಡಿಜೇನುಗಳು ಬಂದವು. ನಾನು ಕುಣಿಯುವುದೊಂದು ಬಾಕಿ. ಅದೇ ವಾರ ಅತ್ತೆ ಫರಸಿ ಕಲ್ಲು ತರಿಸಿ ಗೋಡೆಗೆ ಒರಗಿಸಿದರು, ಅದನ್ನು ಹಾಸಲು ಗೌಂಡಿಗೆ ಹೇಳಿ ಕಳಿಸಿದರು, ಕಳೆ ಕೀಳುವ ಕುರ್ಪಿ ಹಿಡಿದು ತುಂಬೆಯ ಬುಡಕ್ಕೆ ಕೂತರು. ನನ್ನ ಬಾಯಿಂದ ಸುಳ್ಳು ತಾನಾಗಿ ಹೊರಬಿತ್ತು.

"ಅತ್ತಿ, ತಡೀರಿ! ಅದು ನಿಮ್ಮ ಲಿಂಗಪೂಜಿಗೆ ಅಂತ ಬೆಳಸೀನ್ರಿ. ಶ್ರಾವಣ ಬಂತಲ್ರಿ."

ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಕುರ್ಪಿ ಕೆಳಗಿಟ್ಟರು. "ಹಂಗಾದ್ರ ಶ್ರಾವಣ ಮುಗೀಲಿ. ಆಮ್ಯಾಲೆ ಫರಸಿ."

ನನ್ನ ಲೆಕ್ಕಾಚಾರ ಸರಳವಾಗಿತ್ತು. ಅಷ್ಟರೊಳಗೆ ಸೌತೆ ಕಾಯಿ ಕಟ್ಟುತ್ತದೆ. ರೊಟ್ಟಿಯ ಜೊತೆ ಎಳೆ ಸೌತೆಕಾಯಿ ಸಿಕ್ಕರೆ ಅತ್ತೆ ಯಾರನ್ನು ಬೇಕಾದರೂ ಕ್ಷಮಿಸುತ್ತಾರೆ. ಕಟ್ಟದಿದ್ದರೆ ಅಂಗಳದ ಮೇಲೆ ಕಲ್ಲು.

ಆದರೆ ಶಿವನ ಹೆಸರು ಹೇಳಿದ ಮೇಲೆ ಏನಾಗುತ್ತದೆಂದು ನಾನು ಯೋಚಿಸಿರಲಿಲ್ಲ. ಶ್ರಾವಣದ ಮೊದಲ ದಿನವೇ ಅತ್ತೆ ಎದ್ದು ಒಂದು ತಾಟು ತುಂಬ ಹೂ ಕಿತ್ತರು. ಮರುದಿನ ಓಣಿಯ ಹೆಂಗಸರೆಲ್ಲ ಸ್ನಾನ ಮಾಡಿ, ತಾಟು ಹಿಡಿದು ಬಂದರು. ಬಿಸಿಲೇರುವ ಹೊತ್ತಿಗೆ ಗಿಡ ಬೋಳು. ಜೇನುಗಳು ಬಂದು, ಎರಡು ಸುತ್ತು ಹಾಕಿ, ಹೋಗಿಬಿಟ್ಟವು. ಸೌತೆಯ ಹೂ ಯಾರೂ ಕೇಳದೆ ಅರಳಿ ಬಾಡಿದವು. ಶಿವನಿಗೆ ಹೂ ಬೇಡ, ಹುಳಕ್ಕೆ ಬಿಡಿ ಎಂದು ಯಾವ ಬಾಯಿಂದ ಹೇಳುವುದು? ಒಂದು ದಿನ ಅತ್ತೆಗಿಂತ ಮೊದಲು ಎದ್ದು ಗಿಡದ ಕಾವಲಿಗೆ ನಿಂತೆ. "ಬಂದಿ? ಛಲೋ ಆತು," ಎಂದು ನನ್ನ ಕೈಗೂ ಒಂದು ತಾಟು ಕೊಟ್ಟು ಕೀಳಿಸಿದರು. ಗಂಡನಿಗೆ ಹೇಳಿದೆ. ಅವರು ಯಾದಗಿರಿಯ ಕಚೇರಿಗೆ ಹೊರಟವರು, "ಅವ್ವಗ ನೀನ ಹೇಳು," ಎಂದು ಬಸ್ಸಿಗೆ ಓಡಿದರು.

ಶ್ರಾವಣದ ಮೂರನೆಯ ಸೋಮವಾರ. ಅತ್ತೆ ದೇವರ ಕೋಣೆಯಲ್ಲಿ ಕಿಟಕಿಯ ಪಕ್ಕ ಕೂತು, ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ಅದರ ಮೇಲೆ ತುಂಬೆ ಹೂ ಏರಿಸಿ ದಿಟ್ಟಿಸುತ್ತಿದ್ದರು. ಕಿಟಕಿಯಿಂದ ಒಂದು ಕಡ್ಡಿಜೇನು ಒಳಗೆ ಬಂತು. ನೇರವಾಗಿ ಅವರ ಅಂಗೈಯ ಹೂವಿನ ಮೇಲೆ ಕೂತಿತು.

ಪೂಜೆಯಲ್ಲಿ ಮಾತಾಡುವಂತಿಲ್ಲ, ಕೈ ಅಲುಗಿಸುವಂತಿಲ್ಲ. ಅತ್ತೆಯವರ ಕಣ್ಣು ಮಾತ್ರ ಬಾಗಿಲಲ್ಲಿದ್ದ ನನ್ನ ಕಡೆ ತಿರುಗಿತು. ಓಡಿಸೆಂದು ಅರ್ಥ ಮಾಡಿಕೊಂಡು ಸೆರಗು ಬೀಸಿದೆ. ಅದು ಬಂದು ನನ್ನ ಗಲ್ಲಕ್ಕೆ ಕುಟುಕಿತು. ಅಷ್ಟರಲ್ಲಿ ಇನ್ನೆರಡು ಬಂದು ಹೂವಿನ ಮೇಲೆ ಕೂತಿದ್ದವು. ನಾನು ಬಾಯಿಗೆ ಸೆರಗು ತುರುಕಿಕೊಂಡು ನಿಂತೆ. ಅತ್ತೆ ಅಲುಗಲಿಲ್ಲ. ಜೇನುಗಳು ಒಂದೊಂದೇ ಹೂವಿಗೆ ತಲೆ ಹಾಕಿ, ಒಂದನ್ನೂ ಬಿಡದೆ ಹೀರಿ, ನಿಧಾನಕ್ಕೆ ಹೊರಟುಹೋದವು. ಅಷ್ಟು ಹೊತ್ತೂ ಅತ್ತೆಯವರ ದೃಷ್ಟಿ ಅವುಗಳ ಮೇಲೇ ಇತ್ತು.

ಪೂಜೆ ಮುಗಿಸಿ ಎಲಿಅಡಿಕಿ ಡಬ್ಬಿಯಿಂದ ಸುಣ್ಣ ತೆಗೆದು ನನ್ನ ಗಲ್ಲಕ್ಕೆ ಹಚ್ಚಿದರು.

"ನಿನ್ನ ಸುಳ್ಳು ನನಗ ಅವತ್ತೇ ಗೊತ್ತಿತ್ತು. ಲಗ್ನಾಗಿ ಬಂದಾಗಿಂದ ಪೂಜಿಗೆ ಒಂದು ಹೂ ತಂದು ಕೊಡದಾಕಿಗೆ ಒಮ್ಮಿಗೇ ಭಕ್ತಿ ಹೆಂಗ ಬಂತು? ಖರೇ ಯಾವಾಗ ಹೇಳ್ತಿ ನೋಡೂಣು ಅಂತ ದಿನಾ ಕೀಳಾಕತ್ತಿದ್ದೆ. ನೀ ಬಾಯಿ ಬಿಡಲಿಲ್ಲ. ಪಾಪ, ಅವು ಹಸದು ಮನಿಯೊಳಗ ಬಂದು ಕೇಳಾಕತ್ಯಾವ."

ಗಲ್ಲದ ಉರಿಗಿಂತ ಆ ಮಾತು ಹೆಚ್ಚು ಉರಿಯಿತು. ಸೌತೆಯಿಂದ ಹಿಡಿದು ಬಸ್ಸಿನವರೆಗೆ ಎಲ್ಲ ಹೇಳಿಬಿಟ್ಟೆ. ಅಳುವೂ ಬಂತು.

ಮರುದಿನ ಹೆಂಗಸರು ತಾಟು ಹಿಡಿದು ಬಂದಾಗ ಅತ್ತೆ ಕುರ್ಪಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಒಬ್ಬೊಬ್ರಿಗೆ ಒಂದ ಹೂ. ಶಿವಗ ಒಂದು ಸಾಕು. ಉಳದದ್ದು ಅವರ ಪಾಲು."

"ಯಾರ ಪಾಲ್ರಿ ಅವ್ವಾರ?"

"ನಮ್ಮ ಸೊಸಿ ಗಲ್ಲ ನೋಡ್ರಿ, ತಿಳೀತದ."

ಓಣಿಯವರೆಲ್ಲ ಸರದಿಯಲ್ಲಿ ನಿಂತು ನನ್ನ ಊದಿದ ಗಲ್ಲ ನೋಡಿ ಹೋದರು.

ಗೌಂಡಿ ಶ್ರಾವಣ ಮುಗಿದ ಮರುದಿನವೇ ಬಂದ. ಅತ್ತೆ ಬಳ್ಳಿಯಿಂದ ಎಳೆ ಸೌತೆಕಾಯಿ ಎರಡು ಕಿತ್ತು ಅವನ ಕೈಗಿಟ್ಟು, ವಾಪಸ್ಸು ಕಳಿಸಿದರು.