ಸುಳ್ಳು ಹಿಡಿಯುವ ಮೆಷಿನಿನ ಬಾಗಿಲಲ್ಲಿ

ನನ್ನ ಅತ್ತೆಯ ಎರಡೆಳೆ ಸರ ಕಾಣೆಯಾದಾಗ ಡೊಂಬಿವಲಿಯ ಮನೆಯಲ್ಲಿದ್ದವರು ಮೂವರೇ: ಅತ್ತೆ, ನನ್ನ ಗಂಡ, ನಾನು. ಮಗನಂತೂ ಅಪರಂಜಿ. ಉಳಿದವಳು ನಾನು, ಮದುವೆಯಾಗಿ ವರ್ಷ ತುಂಬದ ಸೊಸೆ. ಕಳ್ಳಿ ಎಂದು ಅತ್ತೆ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಠಾಕುರ್ಲಿಯಿಂದ ಕಾಮೋಠೆಯವರೆಗೆ ನೆಂಟರಿಗೆಲ್ಲ ಫೋನ್ ಹೋಯಿತು. ನಾನು ಹೋದಲ್ಲೆಲ್ಲ ಹೆಂಗಸರು ತಮ್ಮ ಪರ್ಸನ್ನು ಮೆಲ್ಲಗೆ ಹತ್ತಿರ ಎಳೆದುಕೊಳ್ಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಊರಿಗೆ ಹೋಗಿ ದೈವದ ಮುಂದೆ ಪ್ರಮಾಣ ಮಾಡಲಿ ಎಂಬ ಮಾತೂ ಬಂತು. ಅಷ್ಟು ದೂರ ಯಾಕೆ ಎಂದು ನಾನೇ ಬೇರೆ ದಾರಿ ತೋರಿಸಿದೆ. ಠಾಣೆ ಪಟ್ಟಣದ ಒಂದು ಸ್ಕ್ಯಾನ್ ಸೆಂಟರಿನಲ್ಲಿ, ಸುಳ್ಳು ಹೇಳುವಾಗ ಮಿದುಳಿನ ಯಾವ ಭಾಗ ಚುರುಕಾಗುತ್ತದೆ ಎಂದು ಎಂಆರ್‌ಐ ಮೆಷಿನಿನಲ್ಲಿ ನೋಡುವ ಸಂಶೋಧನೆ ನಡೆದಿತ್ತು. ಅದಕ್ಕೆ ಹೆಸರು ಕೊಟ್ಟೆ. ಅವರು ಕೇಳುವುದು ಇಸ್ಪೀಟು ಎಲೆಗಳ ಬಗ್ಗೆ ಮಾತ್ರ, ಇದರಿಂದ ಯಾರ ಕಳ್ಳತನವೂ ಸಾಬೀತಾಗದು ಎಂದು ಅಲ್ಲಿನ ಡಾಕ್ಟರಮ್ಮ ಸ್ಪಷ್ಟವಾಗಿ ಹೇಳಿದ್ದರು. ಅದನ್ನು ನಾನು ಮನೆಯಲ್ಲಿ ಹೇಳಲಿಲ್ಲ. ನಾನು ಹೆದರುವವಳಲ್ಲ ಎಂದು ಅತ್ತೆಗೆ ಕಾಣಬೇಕಿತ್ತು, ಅಷ್ಟೇ.

ಸೊಸೆ ಸಿಕ್ಕಿಬೀಳುವುದನ್ನು ನೋಡಲು ಅತ್ತೆ ರೇಷ್ಮೆ ಸೀರೆಯುಟ್ಟು ಹೊರಟರು. ಮೆಷಿನಿನ ಕೋಣೆಯೊಳಗೇ ನಿಲ್ಲುತ್ತೇನೆಂದು ಹಟ ಹಿಡಿದರು. ಒಳಗೆ ಹೋಗುವವರ ಮೈಯಲ್ಲಿ ಲೋಹ ಇರಬಾರದು. ಓಲೆ, ಬಳೆ, ಕರಿಮಣಿ ಎಲ್ಲ ತೆಗೆದಿಟ್ಟಿದ್ದಾಯಿತು. ಆದರೂ ನರ್ಸಮ್ಮನ ಕೈಯ ಡಿಟೆಕ್ಟರ್ ಅವರ ಸೊಂಟದ ಹತ್ತಿರ ಕಿರುಚಿತು.

ಪರದೆಯ ಹಿಂದೆ ಹೋಗಿ ಬಂದ ಅತ್ತೆಯ ಕೈಯಲ್ಲಿ ಒಂದು ಸೇಫ್ಟಿ ಪಿನ್ನು, ಅದರ ಜೊತೆ ಸರ. ಲೋಕಲ್ ಗಾಡಿಯ ನೂಕುನುಗ್ಗಲಿಗೆ ಹೆದರಿ ನಮ್ಮ ಹೆಂಗಸರು ಒಳಲಂಗಕ್ಕೆ ಕಳ್ಳಜೇಬು ಹೊಲಿಸಿಕೊಳ್ಳುತ್ತಾರೆ. ಸೀವುಡ್ಸಿನ ಮದುವೆಯಿಂದ ಮರಳುವಾಗ ಸರವನ್ನು ಅಲ್ಲಿಗೆ ಚುಚ್ಚಿದವರು ಮರೆತೇಬಿಟ್ಟಿದ್ದರು. ರೇಷ್ಮೆ ಸೀರೆಯ ಜೊತೆಗಷ್ಟೇ ಉಡುವ ಒಳಲಂಗ ಅದು. ಕಪಾಟಿನಲ್ಲಿಟ್ಟೆ ಎಂದೇ ಅವರು ನಂಬಿದ್ದರು. ಅವರನ್ನೇ ಮೆಷಿನಿನಲ್ಲಿ ಮಲಗಿಸಿ ಕೇಳಿದ್ದರೂ ಸುಳ್ಳೆಂದು ಕಾಣುತ್ತಿರಲಿಲ್ಲವೇನೋ.

ನನಗೆ ಅಲ್ಲೇ ಕುಣಿಯಬೇಕೆನಿಸಿತು. ಅತ್ತೆ ಸೆರಗು ಸರಿಮಾಡಿಕೊಂಡರು.

"ನಂಗೆ ನಿನ್ನ ಮೇಲೆ ಸಂಶಯವೇ ಇರ್ಲಿಲ್ಲ ಮಾರಾಯ್ತಿ."

"ಹೌದಾ ಅತ್ತೆ? ಅದನ್ನೇ ಒಮ್ಮೆ ಒಳಗೆ ಮಲಗಿ ಹೇಳಿ, ನೋಡುವಾ."

ಅತ್ತೆ ಮೆಷಿನಿನ ಕಡೆ ನೋಡಿದರು, ಒಳಗೆ ಹೋಗಲಿಲ್ಲ. ಹೊರಗಿನ ಬೆಂಚಿನಲ್ಲಿ ಕೂತು, ಸರ ತನ್ನ ಹತ್ತಿರವೇ ಇತ್ತು, ತಪ್ಪು ತನ್ನದೇ ಎಂದು ನೆಂಟರಿಗೆ ಒಬ್ಬೊಬ್ಬರಿಗೇ ಫೋನ್ ಮಾಡತೊಡಗಿದರು. ನಾನು ಪಕ್ಕದಲ್ಲೇ ನಿಂತು ಎಲ್ಲವನ್ನೂ ಕೊನೆಯವರೆಗೆ ಕೇಳಿಸಿಕೊಂಡೆ.